ಕಾಲೇಜು ಪಟ್ಟಿಯನ್ನು ಕೆಳಗಿನಿಂದ ಬರೆಯೋಣ

(ಸಂಘದ ವಾರ್ಷಿಕೋತ್ಸವದ ದಿನ ಪೋಷಕರ ಗೋಷ್ಠಿಯಲ್ಲಿ ದಂಪತಿಗಳಿಬ್ಬರು ಆಡಿದ ಮಾತುಗಳ ಲಿಖಿತ ರೂಪ)



ಸಂಘದ ಹುಟ್ಟುಹಬ್ಬದ ದಿನ ಹಾಡು, ನಾಟಕ, ಬಿಸಿಬೇಳೆ ಭಾತಿನ ನಡುವೆ ಕಾಲೇಜು ಅರ್ಜಿಯ ವಿಷಯ ಮಾತನಾಡಿ ಎಂದು ಸಮಿತಿಯವರು ಕೇಳಿದಾಗ ನಾವಿಬ್ಬರೂ ಹಿಂಜರಿದೆವು. ನಾವು ಈ ವಿಷಯದಲ್ಲಿ ಪಂಡಿತರಲ್ಲ. ಇಬ್ಬರು ಮಕ್ಕಳಿಂದ ಅರ್ಜಿ ಹಾಕಿಸಿದ ಅನುಭವ ಮಾತ್ರ ನಮ್ಮದು. ಮೊದಲ ಸಲ ತಪ್ಪಿದೆವು, ಎರಡನೆಯ ಸಲ ಸ್ವಲ್ಪ ಕಲಿತೆವು. ಆ ತಪ್ಪನ್ನು ನಿಮ್ಮ ಮುಂದಿಡುವುದೇ ಇಂದಿನ ಉದ್ದೇಶ.

ನಮ್ಮ ಮಗಳು ಓದಿನಲ್ಲಿ ಮುಂದು. ಎಲ್ಲ ವಿಷಯದಲ್ಲೂ ಎ ಗ್ರೇಡು, ಸಾಲುಸಾಲು ಎಪಿ ತರಗತಿಗಳು, ಜೊತೆಗೆ ಭರತನಾಟ್ಯದ ರಂಗಪ್ರವೇಶವೂ ಆಗಿತ್ತು. 2018ರ ಶರತ್ಕಾಲದಲ್ಲಿ ಅವಳ ಪಟ್ಟಿಯನ್ನು ನಾವು ಮೇಲಿನಿಂದ ಬರೆಯತೊಡಗಿದೆವು. ಒಟ್ಟು ಹನ್ನೆರಡು ಹೆಸರು. ಅವುಗಳಲ್ಲಿ ಒಂಬತ್ತು, ನೂರು ಜನ ಅರ್ಜಿ ಹಾಕಿದರೆ ಹತ್ತು ಜನಕ್ಕೂ ಜಾಗ ಸಿಗದ ಕಾಲೇಜುಗಳು. ಕೊನೆಗೆ ಶಾಲೆಯ ಕೌನ್ಸೆಲರ್ ಒತ್ತಾಯಕ್ಕೆ ಮನೆಗೆ ಹತ್ತಿರದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ಸೇರಿಸಿದೆವು. ಅದನ್ನು ಹೋಗಿ ನೋಡಲೂ ಇಲ್ಲ.

2019ರ ಮಾರ್ಚ್ ಮುಗಿಯುವಷ್ಟರಲ್ಲಿ ಒಂಬತ್ತೂ ಕಡೆಯಿಂದ 'ಇಲ್ಲ' ಎಂಬ ಉತ್ತರ ಬಂತು. ಇನ್ನೆರಡು ಕಡೆ ವೇಟ್‌ಲಿಸ್ಟ್. ಉಳಿದದ್ದು ನಾವು ನೋಡದೇ ಬಿಟ್ಟ ಆ ಒಂದು. ಮರುವಾರವೇ ಯುಗಾದಿ. ಹಬ್ಬದೂಟದಲ್ಲಿ ಎಲ್ಲರ ಪ್ರಶ್ನೆ ಒಂದೇ ಇರುತ್ತದೆ, 'ಮಗಳಿಗೆ ಎಲ್ಲಿ ಸಿಕ್ಕಿತು?' ನಾವು ಹೋಗಲಿಲ್ಲ. 'ಮನೆಯಲ್ಲಿ ಜ್ವರ' ಎಂದು ಫೋನಿನಲ್ಲಿ ಹೇಳಿದೆವು. ಫೋನ್ ಇಟ್ಟು ತಿರುಗಿದರೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. 'ಯಾರಿಗಪ್ಪ ಜ್ವರ?' ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಒಂಬತ್ತು ಕಾಲೇಜುಗಳು ಬೇಡವೆಂದದ್ದಕ್ಕಿಂತ, ಹೆತ್ತವರು ತನ್ನಿಂದ ನಾಚಿಕೊಂಡರಲ್ಲ ಎಂಬುದು ಅವಳಿಗೆ ಹೆಚ್ಚು ತಾಗಿತು.

ಎಲ್ಲಿ ತಪ್ಪಿದೆವು? ಊರಿನ ಲೆಕ್ಕವನ್ನು ಇಲ್ಲಿ ಹಾಕಿದೆವು. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಬಂತು. ರ್‍ಯಾಂಕ್ ಕೈಗೆ ಬಂದರೆ ಯಾವ ಸೀಟು ಸಿಗಬಹುದೆಂದು ಅಂದಾಜು ಮಾಡುವುದು ನಮ್ಮವರಿಗೆ ರೂಢಿಯಾಯಿತು. ಅಮೆರಿಕದ ಹೆಸರಾಂತ ಕಾಲೇಜುಗಳಲ್ಲಿ ಅಂಥ ರ್‍ಯಾಂಕ್ ಪಟ್ಟಿಯೇ ಇಲ್ಲ. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿಗಳು 54,000ಕ್ಕೂ ಹೆಚ್ಚು; ಪ್ರವೇಶ ದೊರೆತದ್ದು 2,000ಕ್ಕಿಂತ ಕಡಿಮೆ ಜನಕ್ಕೆ. ಉಳಿದವರೆಲ್ಲ ದಡ್ಡರಲ್ಲ. ಒಂಬತ್ತು ಕಡೆ ಹಾಕಿದರೆ ಒಂದಾದರೂ ಸಿಕ್ಕೀತು ಎಂಬುದು ನಮ್ಮ ಇನ್ನೊಂದು ಭ್ರಮೆ. ಎಲ್ಲ ಕಡೆಗೂ ಹೋದದ್ದು ಅದೇ ಹುಡುಗಿ, ಅದೇ ಅಂಕ, ಅದೇ ಪ್ರಬಂಧ. ಒಬ್ಬರ ಕಣ್ಣಿಗೆ ಬಿದ್ದ ಕೊರತೆ ಒಂಬತ್ತು ಜನರ ಕಣ್ಣಿಗೂ ಬೀಳಬಹುದು. ಎಲೆಯ ತುಂಬ ಹೋಳಿಗೆಯನ್ನೇ ಬಡಿಸಿ, ಅನ್ನ ಸಾರು ಮರೆತ ಹಾಗಾಯಿತು ನಮ್ಮ ಪಟ್ಟಿ.

2022ರಲ್ಲಿ ಮಗನ ಸರದಿ ಬಂತು. ಈ ಸಲ ಮೊದಲು ಅನ್ನ ಸಾರು ಬಡಿಸಿದೆವು. ಎಲ್ಲರೂ 'ಸೇಫ್ಟಿ' ಎನ್ನುವ ಕಾಲೇಜನ್ನು ಮೂರು ಪ್ರಶ್ನೆ ಕೇಳಿ ಒಪ್ಪಿದೆವು.

ಒಂದು, ಇವನು ಕೇಳುವ ವಿಷಯಕ್ಕೆ ಅಲ್ಲಿ ಪ್ರವೇಶ ಹೆಚ್ಚುಕಡಿಮೆ ಖಚಿತವೇ? ಕಾಲೇಜಿನ ಒಟ್ಟು ಲೆಕ್ಕ ನೋಡಿ ಮೋಸಹೋಗಬಾರದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ನೂರರಲ್ಲಿ ಸುಮಾರು ನಲವತ್ತು ಜನಕ್ಕೆ ಪ್ರವೇಶ ಸಿಕ್ಕಿದೆ. ಆದರೆ ನೇರವಾಗಿ ಕಂಪ್ಯೂಟರ್ ಸೈನ್ಸ್ ಕೇಳಿದ ಹೊರರಾಜ್ಯದವರಲ್ಲಿ ನೂರಕ್ಕೆ ಐವರಿಗೂ ಸಿಕ್ಕಿಲ್ಲ. ಬೇರೆ ವಿಷಯದಲ್ಲಿ ಒಳಗೆ ಹೋಗಿ ಆಮೇಲೆ ಬದಲಾಯಿಸೋಣ ಎಂದರೆ ಅದೂ ಅನೇಕ ಕಡೆ ಸುಲಭವಲ್ಲ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಒಂದು ಅನುಕೂಲವಿದೆ. ರಾಜ್ಯದ ಮೊದಲ ನೂರಕ್ಕೆ ಒಂಬತ್ತರೊಳಗೆ ಬರುವ ಮಗುವಿಗೆ, ಕೇಳಿದ ಯುಸಿ ಕ್ಯಾಂಪಸ್‌ಗಳು ಸಿಗದಿದ್ದರೂ, ಜಾಗವಿರುವ ಇನ್ನೊಂದು ಯುಸಿ ಕ್ಯಾಂಪಸ್ಸಿನಲ್ಲಿ ಅವಕಾಶ ಕೊಡುತ್ತಾರೆ. ಯಾವ ಕ್ಯಾಂಪಸ್ ಎಂಬ ಆಯ್ಕೆ ಮಾತ್ರ ನಮ್ಮದಲ್ಲ.

ಎರಡು, ಸಾಲದ ಹೊರೆಯಿಲ್ಲದೆ ಫೀಜು ಕಟ್ಟಬಲ್ಲೆವೇ? ಕಟ್ಟಲಾಗದ ಕಾಲೇಜು ಸೇಫ್ಟಿಯಲ್ಲ. 2011ರಿಂದ ಇಲ್ಲಿನ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ 'ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್' ಇಡುವುದು ಕಾನೂನಿನ ಕಟ್ಟುಪಾಡು. ಮನೆಯ ವರಮಾನ ಹಾಕಿದರೆ ಖರ್ಚಿನ ಅಂದಾಜು ಸಿಗುತ್ತದೆ. ಹಾಸಿಗೆಯ ಉದ್ದವನ್ನು ಅರ್ಜಿಗೆ ಮೊದಲೇ ಅಳೆಯಬೇಕು.

ಮೂರು, ಅಲ್ಲಿಗೇ ಹೋಗಬೇಕಾಗಿ ಬಂದರೆ ಮಗು ಸಂತೋಷದಿಂದ ಹೋದೀತೇ? ಇದಕ್ಕಾಗಿ ನಾವು ಮೂರೂ ಜಾಗಗಳನ್ನು ಸುತ್ತಿ ಬಂದೆವು. ತರಗತಿಯಲ್ಲಿ ಕುಳಿತೆವು, ಕ್ಯಾಂಟೀನಿನಲ್ಲಿ ಊಟ ಮಾಡಿದೆವು. ಒಂದು ಕಡೆಯ ರೋಬಾಟಿಕ್ಸ್ ಪ್ರಯೋಗಾಲಯದಿಂದ ಮಗನನ್ನು ಎಳೆದು ತರಬೇಕಾಯಿತು. ಆ ಕಾಲೇಜು ಪಟ್ಟಿಯ ಬುಡಕ್ಕೆ ಗಟ್ಟಿಯಾಗಿ ಕುಳಿತಿತು.

ಬುಡ ಗಟ್ಟಿಯಾದ ಮೇಲೆ ಉಳಿದದ್ದು ಸುಲಭ. ಅವನ ಅಂಕಗಳಿಗೆ ಹೊಂದುವ ನಾಲ್ಕು, ಆಸೆಯ ಮೂರು. ಒಟ್ಟು ಹತ್ತು. ಕಾಮನ್ ಆ್ಯಪ್‌ನಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಆದರೆ ಪ್ರತಿ ಕಾಲೇಜಿಗೂ ಬೇರೆ ಪ್ರಬಂಧ ಬರೆಯುವವನು ಹದಿನೇಳರ ಹುಡುಗ ಎಂಬುದು ನೆನಪಿರಲಿ. ಎಸ್‌ಎಟಿ ನಿಯಮವನ್ನೂ ಒಂದೊಂದಾಗಿ ನೋಡಬೇಕು. ಯುಸಿಗಳು 2021ರಿಂದ ಪ್ರವೇಶಕ್ಕೆ ಆ ಅಂಕ ನೋಡುವುದನ್ನು ಬಿಟ್ಟಿವೆ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ನವೆಂಬರ್ ಆರಂಭದ ಅರ್ಲಿ ಡಿಸಿಷನ್ ಒಂದೇ ಕಡೆಗೆ, ಅದೂ ಮಾತು ಕೊಟ್ಟಂತೆ. ಸಿಕ್ಕರೆ ಹೋಗಲೇಬೇಕು. ಬೇರೆ ಕಾಲೇಜುಗಳ ಧನಸಹಾಯದೊಂದಿಗೆ ಹೋಲಿಸಿ ನೋಡುವ ಅವಕಾಶ ಉಳಿಯುವುದಿಲ್ಲ. ಖರ್ಚಿನ ಲೆಕ್ಕ ಮುಗಿಸದೆ ಸಹಿ ಹಾಕಬೇಡಿ.

ಮಗನಿಗೆ ಆಸೆಯ ಮೂರರಲ್ಲಿ ಒಂದೂ ಸಿಗಲಿಲ್ಲ. ಒಂದು ಸಂಜೆ ಬೇಸರ ಪಟ್ಟ, ಮರುದಿನ ಪ್ರಯೋಗಾಲಯದ ಆ ಕಾಲೇಜಿಗೆ 'ಬರುತ್ತೇನೆ' ಎಂದು ಬರೆದ. ಆ ವರ್ಷದ ಯುಗಾದಿ ಊಟಕ್ಕೆ ನಾವು ನಾಲ್ವರೂ ಬಂದೆವು.

ಮಗಳ ಮಾತು ಹೇಳದಿದ್ದರೆ ತಪ್ಪಾದೀತು. ಅವಳು ನಾವು ನೋಡದೇ ಬಿಟ್ಟ ಕಾಲೇಜಿನಲ್ಲೇ ಓದು ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಓದಿನ ಬಗ್ಗೆ ಅವಳಿಗೆ ದೂರಿಲ್ಲ. ಆದರೆ ಯಾರಾದರೂ 'ಜ್ವರ' ಎಂದರೆ ಇಂದಿಗೂ ನಮ್ಮ ಮುಖ ನೋಡುತ್ತಾಳೆ.

ಆದ್ದರಿಂದ ಬಂಧುಗಳೆ, ಒಂದು ಬಿನ್ನಹ. ಪಟ್ಟಿಯನ್ನು ಕೆಳಗಿನಿಂದ ಬರೆಯಿರಿ, ಆ ಕೆಳಗಿನ ಹೆಸರನ್ನು ಮನೆಯಲ್ಲಿ ಗೌರವದಿಂದ ಹೇಳಿ. ಮುಂದಿನ ಯುಗಾದಿಗೆ ಹನ್ನೆರಡನೆಯ ತರಗತಿಯ ಮಕ್ಕಳು ಸಿಕ್ಕಾಗ 'ಎಲ್ಲಿ ಸಿಕ್ಕಿತು?' ಎನ್ನಬೇಡಿ, 'ಏನು ಓದಬೇಕೆಂದಿದ್ದೀಯ, ಮಗು?' ಎಂದು ಕೇಳಿ. ಯಾವ ಮನೆಯವರೂ ಜ್ವರದ ನೆಪ ಹೇಳಿ ಈ ಊಟ ತಪ್ಪಿಸಿಕೊಳ್ಳದಿರಲಿ.