ಜೆಲ್ಲೊ, ಹೋಳಿಗೆ ಮತ್ತು ನೆನಪಿನಿಂದ ಹೊರಗುಳಿದವರು



ಯುಗಾದಿಯ ಊಟಕ್ಕೆ ಮುನ್ನ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಹಸಿದವರ ಮುಂದೆ ದೀರ್ಘ ಭಾಷಣ ಸಲ್ಲದು. ಆದ್ದರಿಂದ ಊಟದ ಬಗ್ಗೆಯೇ, ಅದರಲ್ಲೂ ಮನೆಯ ಸಿಹಿಯ ಬಗ್ಗೆ ಮಾತನಾಡುತ್ತೇನೆ.

ಸಂಶೋಧನೆಗೆಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರಕ್ಕೆ ಬಂದ ಮೊದಲ ವರ್ಷ. ನಾನು ಬಾಡಿಗೆಗಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ವಿಧವೆ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದ್ದರು. ಮೇಜಿನ ನಡುವೆ ಬಳೆಯಾಕಾರದ ಹಸಿರು ಪದಾರ್ಥವೊಂದು ನಡುಗುತ್ತಿತ್ತು. ನಿಂಬೆ ಸ್ವಾದದ ಜೆಲ್ಲೊ; ಒಳಗೆ ತುರಿದ ಕ್ಯಾರೆಟ್, ಡಬ್ಬಿಯ ಅನಾನಸ್. ಅವರ ತಾಯಿ ಹಾಗೆ ಮಾಡುತ್ತಿದ್ದರಂತೆ. ತಾಯಿ ಬಿಟ್ಟುಹೋದ ಅಚ್ಚಿನಲ್ಲಿಯೇ ಮಗಳು ಪ್ರತಿ ವರ್ಷ ಮಾಡುತ್ತ ಬಂದಿದ್ದರು. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುತ್ತದೆಂದು ನನಗೆ ಗೊತ್ತಿತ್ತು. 'ಇದನ್ನು ನಾನು ಮುಟ್ಟುವುದಿಲ್ಲ' ಎಂದೆ. ತಿನ್ನುವುದಿಲ್ಲ ಎನ್ನಬಹುದಿತ್ತು. ಇಂಗ್ಲಿಷಿನಲ್ಲಿ ಆಡಿದ ಮಾತಾದರೂ ಆ ಕ್ರಿಯಾಪದ ಬಂದದ್ದು ನಾನು ಹುಟ್ಟಿದ ಮೇಲ್ಜಾತಿಯ ಮನೆಯಿಂದ.

ಮುಂದೆ ಈ ತಿನಿಸಿನ ಚರಿತ್ರೆಯನ್ನು ಓದಿದೆ. ಜೆಲ್ಲಿ ಒಂದು ಕಾಲಕ್ಕೆ ಸಿರಿವಂತರ ಸಿಹಿ. ಕರುವಿನ ಕಾಲುಗಳನ್ನು ಗಂಟೆಗಟ್ಟಲೆ ಕುದಿಸಿ, ಜಿಡ್ಡು ತೆಗೆದು, ಮೊಟ್ಟೆಯ ಬಿಳಿಭಾಗದಿಂದ ತಿಳಿಗೊಳಿಸಿ, ಸೋಸಬೇಕಿತ್ತು. 1824ರಲ್ಲಿ ಪ್ರಕಟವಾದ ಮೇರಿ ರ‍್ಯಾಂಡಾಲ್ಫ್ ಅವರ 'ದ ವರ್ಜೀನಿಯಾ ಹೌಸ್‌ವೈಫ್' ಪುಸ್ತಕದಲ್ಲಿ ಇಂತಹ ಜೆಲ್ಲಿಯ ವಿಧಾನವಿದೆ. ವರ್ಜೀನಿಯಾದ ಅಂಥ ಮನೆಗಳಲ್ಲಿ ಒಲೆಯ ಮುಂದೆ ಬೆಂದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನರು. ಪುಸ್ತಕದ ಮೇಲಿನ ಹೆಸರು ಮಾತ್ರ ಒಡತಿಯದು.

1845ರಲ್ಲಿ ಪೀಟರ್ ಕೂಪರ್ ಪುಡಿ ಜೆಲಟಿನ್‌ಗೆ ಪೇಟೆಂಟ್ ಪಡೆದರು. 1897ರಲ್ಲಿ ರಾಚೆಸ್ಟರ್‌ಗೆ ಹತ್ತಿರದ ಲೆರಾಯ್ ಎಂಬ ಊರಿನಲ್ಲಿ ಪರ್ಲ್ ವೇಟ್ ಅದಕ್ಕೆ ಸಕ್ಕರೆ, ಹಣ್ಣಿನ ಸ್ವಾದ ಬೆರೆಸಿದರು. ಜೆಲ್ಲೊ ಎಂದು ಹೆಸರಿಟ್ಟವರು ಅವರ ಹೆಂಡತಿ ಮೇ. ಎರಡೇ ವರ್ಷಗಳಲ್ಲಿ ಆ ಹಕ್ಕನ್ನು ಅದೇ ಊರಿನ ಆರೇಟರ್ ವುಡ್‌ವರ್ಡ್‌ಗೆ 450 ಡಾಲರಿಗೆ ಮಾರಿದರು. ಆಳುಕಾಳುಗಳಿದ್ದ ಮನೆಯ ಸಿಹಿ ಹೀಗೆ ಆಳಿಲ್ಲದವರ ಮನೆಗೂ ಬಂತು. ನನ್ನ ಮನೆಯೊಡತಿಯ ತಾಯಿ ವಾರಕ್ಕೆ ಆರು ದಿನ ಕಾರ್ಖಾನೆಯಲ್ಲಿ ದುಡಿದವರು. ಅವರಿಗೆ ಉಳಿದಿದ್ದ ಒಂದು ಭಾನುವಾರದಲ್ಲಿ ಮಕ್ಕಳಿಗಾಗಿ ಮಾಡಬಹುದಾಗಿದ್ದ ಸಿಹಿ ಇದು. 1964ರಲ್ಲಿ ಜೆಲ್ಲೊ ತಯಾರಿಕೆ ಲೆರಾಯ್‌ನಿಂದ ಡೆಲವೇರ್ ರಾಜ್ಯದ ಡೋವರ್‌ಗೆ ಹೋಯಿತು. ಈಗ ಆ ಊರಿನಲ್ಲಿ ಜೆಲ್ಲೊ ವಸ್ತುಸಂಗ್ರಹಾಲಯವಿದೆ. ಕೆಲಸ ಹೋದ ಊರಿಗೆ ನೆನಪು ಉಳಿಯಿತು.

ಆ ಥ್ಯಾಂಕ್ಸ್‌ಗಿವಿಂಗ್ ಸಂಜೆಗೆ ಮರಳುತ್ತೇನೆ. ನನ್ನ ಮಾತಿಗೆ ಅವರು ಬೇಸರಿಸಲಿಲ್ಲ. 'ನಿಮ್ಮ ಮನೆಯ ಸಿಹಿ ಯಾವುದು?' ಎಂದು ಕೇಳಿದರು. ಪೊಟ್ಟಣದ ಪುಡಿಯ ಎದುರು ನಮ್ಮ ಕೈಯಡುಗೆಯ ಹಿರಿಮೆಯನ್ನು ಸಾರುವ ಅವಕಾಶ ಸಿಕ್ಕಿತು. ಹೋಳಿಗೆಯನ್ನು ವರ್ಣಿಸಿದೆ: ಬೆಂದ ಬೇಳೆ, ಬೆಲ್ಲ, ಏಲಕ್ಕಿ, ಒರಳಿನಲ್ಲಿ ನುಣ್ಣಗೆ ರುಬ್ಬಿದ ಹೂರಣ, ಮೇಲೆ ತುಪ್ಪ. ಎಲ್ಲವನ್ನೂ ಕೇಳಿಸಿಕೊಂಡು, 'ಇಷ್ಟು ಕೆಲಸವನ್ನು ಯಾರು ಮಾಡುತ್ತಿದ್ದರು?' ಎಂದರು.

ಅಜ್ಜಿ ಎಂದೆ. ಅಜ್ಜಿ ರುಬ್ಬುತ್ತಿದ್ದರು, ತಟ್ಟುತ್ತಿದ್ದರು, ಎಲ್ಲರೂ ಎದ್ದ ಮೇಲೆ ಕೊನೆಯಲ್ಲಿ ಉಣ್ಣುತ್ತಿದ್ದರು. ಮತ್ತೊಬ್ಬರಿದ್ದರು. ಹಿತ್ತಿಲಲ್ಲಿ ಸೌದೆ ಒಡೆದವರು, ಮೊರದಲ್ಲಿ ಬೇಳೆ ಕೇರಿಕೊಟ್ಟವರು. ಆ ಹೆಂಗಸು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಅವರ ಹೆಸರು ನನಗೆ ನೆನಪಿರಲಿಲ್ಲ. ಹೂರಣದ ಪರಿಮಳ ಇಪ್ಪತ್ತು ವರ್ಷ ಉಳಿದಿತ್ತು, ಹೆಸರು ಉಳಿದಿರಲಿಲ್ಲ.

ಮರುವರ್ಷ ಅದೇ ಮೇಜಿನ ಮೇಲೆ ನನಗಾಗಿ ಒಂದು ಪುಟ್ಟ ಬಟ್ಟಲಿತ್ತು. ಸಮುದ್ರದ ಪಾಚಿಯಿಂದ ಬರುವ ಅಗರ್, ನಮ್ಮ ಊರಿನ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು, ಅದನ್ನು ಹುಡುಕಿ ತಂದು ಮಾಡಿದ್ದರು. ಒಬ್ಬ ಬಾಡಿಗೆದಾರ ವಿದ್ಯಾರ್ಥಿಗಾಗಿ ತಾಯಿಯ ಅಡುಗೆಯನ್ನೇ ಬದಲಿಸಿದ್ದರು. ನಮ್ಮ ಹಿತ್ತಿಲಲ್ಲಿ ಕುಳಿತಿದ್ದವರಿಗಾಗಿ ನಾವು ಏನನ್ನು ಬದಲಿಸಿದ್ದೆವು?

ಗೆಳೆಯರೇ, ಮಾಂಸ ತಿನ್ನದಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇಂದಿಗೂ ನಾನು ತಿನ್ನುವುದಿಲ್ಲ. ಆದರೆ 'ಮುಟ್ಟುವುದಿಲ್ಲ' ಎಂಬುದು ಸುಳ್ಳು. ನಾವು ನುಂಗುವ ಔಷಧದ ಕ್ಯಾಪ್ಸೂಲುಗಳಲ್ಲಿ ಹೆಚ್ಚಿನವು ಜೆಲಟಿನ್‌ನವು. ಅಜ್ಜಿಯ ಕಪ್ಪುಬಿಳುಪು ಭಾವಚಿತ್ರ ನನ್ನ ಮೇಜಿನ ಮೇಲಿದೆ. ಅಂತಹ ಚಿತ್ರಗಳಲ್ಲಿ ಬೆಳ್ಳಿಯ ಕಣಗಳನ್ನು ಕಾಗದಕ್ಕೆ ಹಿಡಿದಿಟ್ಟಿರುವುದು ಜೆಲಟಿನ್‌ನ ತೆಳು ಪದರ. ಮೂಳೆ, ಚರ್ಮಗಳಿಂದ ಬಂದ ವಸ್ತು ನಮ್ಮ ಮಡಿಯ ನೆನಪನ್ನೂ ಕಾಪಾಡಿದೆ. ಚರ್ಮ ಸುಲಿಯುವ ಕೆಲಸವನ್ನು ನಮ್ಮ ಸಮಾಜ ದಲಿತರ ಮೇಲೆ ಹೊರಿಸಿತು. ಮಾಡಿದರೆಂದು ಅವರನ್ನು ಹೀನಾಯವಾಗಿ ಕಂಡಿತು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ದಲಿತ ಯುವಕರನ್ನು ಬಟ್ಟೆ ಬಿಚ್ಚಿಸಿ ಥಳಿಸಲಾಯಿತು. ಆ ದೃಶ್ಯವನ್ನು ನಾವು ಇಲ್ಲಿ ಕುಳಿತು ಫೋನಿನಲ್ಲಿ ನೋಡಿದೆವು.

ಕಳೆದ ಸಲ ಊರಿಗೆ ಹೋದಾಗ ಆ ಹೆಂಗಸಿನ ಹೆಸರನ್ನು ಅಮ್ಮನಲ್ಲಿ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಅವರು ತೀರಿಹೋಗಿದ್ದಾರೆ. ಮಗಳು ಇದ್ದಾರೆ, ಶಾಲಾ ಶಿಕ್ಷಕಿ. ಹೋಗಿ ಭೇಟಿಯಾದೆ. ಅವರ ಒಪ್ಪಿಗೆ ಪಡೆದಿಲ್ಲವಾದ್ದರಿಂದ ಹೆಸರನ್ನು ಈ ಸಭೆಯಲ್ಲಿ ಹೇಳಲಾರೆ. ನಮ್ಮ ಮನೆಯ ಹೋಳಿಗೆ ನೆನಪಿದೆಯೇ ಎಂದು ಕೇಳಿದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

'ಉಳಿದದ್ದನ್ನು ಅವ್ವನಿಗೆ ಬೆಳಗಾದ ಮೇಲೆ ಕೊಡುತ್ತಿದ್ದರು. ನಮ್ಮ ಮನೆಗೆ ಯುಗಾದಿ ಯಾವತ್ತೂ ಮಾರನೇ ದಿನವೇ ಬರುತ್ತಿತ್ತು' ಎಂದರು.

ಅಂದಿನಿಂದ ಹೋಳಿಗೆಯ ರುಚಿ ನನಗೆ ಕೆಟ್ಟಿಲ್ಲ. ಆದರೆ ಅದರ ಕಥೆಯನ್ನು ನನ್ನ ಮಗಳಿಗೆ ಹೇಳುವಾಗ ಅಜ್ಜಿಯಿಂದ ಶುರುಮಾಡುವುದಿಲ್ಲ; ಹಿತ್ತಿಲಿನಿಂದ ಶುರುಮಾಡುತ್ತೇನೆ, ಹೆಸರು ಹಿಡಿದು. ಇಂದು ಎಲೆಯ ಮುಂದೆ ಕುಳಿತಾಗ ನೀವೂ ನಿಮ್ಮ ನಿಮ್ಮ ಮನೆಯ ಹಿತ್ತಿಲನ್ನು ಒಮ್ಮೆ ನೆನೆಯಿರಿ. ಹೆಸರು ನೆನಪಾಗದಿದ್ದರೆ ಊರಿಗೆ ಫೋನು ಮಾಡಿ ಕೇಳಿ. ಹೇಳಬಲ್ಲವರು ಇನ್ನೂ ಇದ್ದಾರೆ.