ಒಂದಕ್ಕೆ ಒಂದೇ ಉತ್ತರ: ಬೀಜಗಣಿತದಲ್ಲಿ ಸಂಬಂಧ ಮತ್ತು ಫಂಕ್ಷನ್
(ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣ)

 

ಇಂಥ ಸಭೆಯಲ್ಲಿ ಗಣಿತದ ಪಾಠ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ನಮ್ಮ ಮಕ್ಕಳು ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾರೆ. ಅಲ್ಲಿ ಪಾಠ ಬಹುತೇಕ ಇಂಗ್ಲಿಷಿನಲ್ಲಿ. ಗಣಿತ ಪುಸ್ತಕದ ಮೊದಲ ಅಧ್ಯಾಯ ಗಣಗಳು, ಎರಡನೆಯದೇ ಸಂಬಂಧ ಮತ್ತು ಫಂಕ್ಷನ್. ಎಷ್ಟೋ ಮಕ್ಕಳು ಅಲ್ಲೇ ಎಡವುತ್ತಾರೆ. ‘ಗಣಿತ ನಮಗಲ್ಲ’ ಎಂದುಕೊಂಡು ವಿಭಾಗ ಬದಲಿಸುತ್ತಾರೆ. ಕೆಲವು ಹೆಣ್ಣುಮಕ್ಕಳ ಓದೇ ನಿಂತುಹೋಗುತ್ತದೆ.

ನಾನೂ ಎಡವಿದವಳೇ. ಬೋರ್ಡಿನ ಮೇಲೆ ‘ಎಫ್ ಆಫ್ ಎಕ್ಸ್’ ಬರೆದಾಗ ನಾನು ಅದನ್ನು ಎಫ್ ಗುಣಿಸು ಎಕ್ಸ್ ಎಂದು ತಿಳಿದಿದ್ದೆ. ಆವರಣ ಕಂಡರೆ ಗುಣಿಸಬೇಕು ಎಂದೇ ಹೈಸ್ಕೂಲಿನಲ್ಲಿ ಕಲಿತಿದ್ದೆ. ಕೇಳಲು ಸಂಕೋಚ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಂದದ್ದು ಎರಡು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ದಸರಾ ರಜೆಯ ನಂತರ ಕಾಲೇಜಿಗೆ ಬರಲೇ ಇಲ್ಲ. ಅವಳು ನನಗಿಂತ ಜಾಣೆ. ಅವಳಿಗೆ ಬೇಕಾಗಿದ್ದದ್ದು ಈಗ ನಾನು ಹೇಳಲಿರುವ ಹತ್ತು ನಿಮಿಷದ ಮಾತು, ಅಷ್ಟೇ.

ಮೊದಲು ಸಂಬಂಧ. ಉರ್ದುವಿನಲ್ಲಿ ರಿಷ್ತಾ. ನಮ್ಮ ಮನೆಗಳಲ್ಲಿ ದಿನವೂ ಆಡುವ ಮಾತು. ನಿಮ್ಮ ತರಗತಿಯ ಮಕ್ಕಳದು ಒಂದು ಗಣ, ಅವರನ್ನು ಹೆತ್ತ ತಾಯಂದಿರದು ಇನ್ನೊಂದು ಗಣ. ಪ್ರತಿ ಮಗುವಿನಿಂದ ಅದರ ಅಮ್ಮಿಯ ಕಡೆಗೆ ಒಂದು ಬಾಣ ಎಳೆಯಿರಿ. ಪ್ರತಿ ಬಾಣವೂ ಒಂದು ಜೋಡಿ: ಮೊದಲು ಮಗು, ಆಮೇಲೆ ತಾಯಿ. ಕ್ರಮ ಬದಲಿಸುವಂತಿಲ್ಲ. ಅದಕ್ಕೇ ಕ್ರಮಯುಗ್ಮ ಎಂಬ ಹೆಸರು. ಇಂಥ ಜೋಡಿಗಳ ಗಣವೇ ಸಂಬಂಧ.

ಎಲ್ಲ ಸಂಬಂಧವೂ ಫಂಕ್ಷನ್ ಅಲ್ಲ. ಫಂಕ್ಷನ್ ಆಗಲು ಎರಡು ಶರತ್ತು. ಒಂದು, ಮೊದಲ ಗಣದ ಪ್ರತಿಯೊಬ್ಬರಿಂದಲೂ ಬಾಣ ಹೊರಡಬೇಕು. ಎರಡು, ಒಬ್ಬರಿಂದ ಒಂದೇ ಬಾಣ ಹೊರಡಬೇಕು. ಮಗುವಿನಿಂದ ತಾಯಿಗೆ ಹೋದರೆ ಎರಡೂ ಸರಿ. ಅಕ್ಕ ತಮ್ಮ ಇಬ್ಬರ ಬಾಣವೂ ಒಬ್ಬಳೇ ತಾಯಿಗೆ ಸೇರಿದರೆ ತಪ್ಪೇನಿಲ್ಲ. ಆದರೆ ಬಾಣಗಳನ್ನು ತಿರುಗಿಸಿ. ಆ ತಾಯಿಯಿಂದ ಎರಡು ಬಾಣ ಹೊರಡುತ್ತವೆ. ಅದು ಸಂಬಂಧ ಹೌದು, ಫಂಕ್ಷನ್ ಅಲ್ಲ. ಫಂಕ್ಷನ್ನಿಗೆ ಕನ್ನಡದಲ್ಲಿ ಫಲನ ಅಥವಾ ಉತ್ಪನ್ನ, ಉರ್ದುವಿನಲ್ಲಿ ತಫಾಉಲ್ ಎನ್ನುತ್ತಾರೆ. ಹೆಸರು ಯಾವುದಾದರೂ ಶರತ್ತು ಇದೇ.

ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಭದ್ರಾ ಜಲಾಶಯದ ಮಟ್ಟ ಕಾಣುತ್ತದೆ. ಗರಿಷ್ಠ 186 ಅಡಿ. ದಿನಕ್ಕೊಂದು ಅಳತೆ. ತಾರೀಖು ಹೇಳಿದರೆ ಮಟ್ಟ ಒಂದೇ. ಇದು ಫಂಕ್ಷನ್. ಈಗ ತಿರುಗಿಸಿ ಕೇಳಿ: ‘170 ಅಡಿ ನೀರು ಇದ್ದದ್ದು ಯಾವ ದಿನ?’ ನೀರು ಏರುವಾಗಲೂ 170 ಆಗಬಹುದು, ಇಳಿಯುವಾಗಲೂ ಆಗಬಹುದು. ಉತ್ತರ ಒಂದೇ ಇರಬೇಕೆಂದಿಲ್ಲ.

ಒಮ್ಮೆ ತರಗತಿಯಲ್ಲಿ ನಾನು ಶಿವಮೊಗ್ಗ–ಭದ್ರಾವತಿ ಸರಕಾರಿ ಬಸ್ಸಿನ ಉದಾಹರಣೆ ಕೊಟ್ಟೆ. ‘ಇಳಿಯುವ ಸ್ಟಾಪು ಹೇಳಿ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ, ಟಿಕೆಟ್ ದರ ಗೊತ್ತಾಗುತ್ತದೆ. ಹಾಗಾಗಿ ಇದು ಫಂಕ್ಷನ್’ ಎಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ‘ಟೀಚರ್, ನಾನು ಅಬ್ಬಾ ಜೊತೆ ಒಂದೇ ಸ್ಟಾಪಿನಲ್ಲಿ ಇಳೀತೀನಿ. ಅಬ್ಬಾ ದುಡ್ಡು ಕೊಡ್ತಾರೆ, ನನ್ನ ಟಿಕೆಟ್ ಸೊನ್ನೆ.’

ಅವಳ ಮಾತು ನಿಜ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ. ಒಂದೇ ಸ್ಟಾಪಿಗೆ ಎರಡು ದರವಿದ್ದರೆ ಅದು ಫಂಕ್ಷನ್ ಅಲ್ಲ. ನಾನು ತಪ್ಪು ಒಪ್ಪಿಕೊಂಡೆ. ಸ್ಟಾಪಿನ ಜೊತೆಗೆ ಪ್ರಯಾಣಿಕರು ಯಾರು ಎಂಬುದನ್ನೂ ಸೇರಿಸಿ ಹೇಳಿದರೆ ಮತ್ತೆ ಉತ್ತರ ಒಂದೇ ಆಗುತ್ತದೆ. ಹೆಣ್ಣುಮಕ್ಕಳನ್ನು ಮಾತ್ರ ತೆಗೆದುಕೊಂಡರೆ ಎಲ್ಲ ಸ್ಟಾಪಿಗೂ ಉತ್ತರ ಸೊನ್ನೆ. ಅದೂ ಫಂಕ್ಷನ್ನೇ, ಸ್ಥಿರ ಫಂಕ್ಷನ್. ಅಂದು ಪಾಠ ಮಾಡಿದ್ದು ನಾನಲ್ಲ, ಆ ಹುಡುಗಿ.

ಇನ್ನು ‘ಎಫ್ ಆಫ್ ಎಕ್ಸ್’. ಎಫ್ ಎಂಬುದು ಸಂಖ್ಯೆಯಲ್ಲ, ನಿಯಮದ ಹೆಸರು. ಆವರಣದೊಳಗೆ ನಾವು ಕೊಡುವ ಸಂಖ್ಯೆ. ಹೀಗೆ ಬರೆಯುವ ಪದ್ಧತಿಯನ್ನು 1734ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಬಳಸಿದರು. ಅದಕ್ಕೂ ಒಂಬತ್ತು ಶತಮಾನ ಹಿಂದೆ ಬಾಗ್ದಾದಿನ ಅಲ್ ಖ್ವಾರಿಜ್ಮಿ ಗೊತ್ತಿಲ್ಲದ ಸಂಖ್ಯೆಯನ್ನು ‘ಶೈ’, ಅಂದರೆ ವಸ್ತು ಎಂದು ಕರೆದರು. ಅವರ ಗ್ರಂಥದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಪದವೇ ಆಲ್ಜಿಬ್ರಾ ಆಯಿತು. ಉರ್ದು ಬಲ್ಲ ಮಕ್ಕಳಿಗೆ ‘ಶೈ’ ಹೊಸ ಮಾತಲ್ಲ. ಎಕ್ಸ್ ಎಂದರೆ ಅದೇ ಶೈ.

ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ, ಬೈಂಡಿಂಗಿಗೆ 30 ರೂಪಾಯಿ ಎಂದುಕೊಳ್ಳಿ. ಪುಟಗಳ ಸಂಖ್ಯೆ ಎಕ್ಸ್ ಆದರೆ ಬಿಲ್ಲು 2ಎಕ್ಸ್ + 30. ಎಫ್ ಆಫ್ 10 ಎಂದರೆ 50. ಎಫ್ ಆಫ್ 20 ಎಂದರೆ 70. ಗುಣಾಕಾರವೇ ಆಗಿದ್ದರೆ ಪುಟ ಎರಡರಷ್ಟಾದಾಗ ಬಿಲ್ಲೂ 100 ಆಗಬೇಕಿತ್ತು. ಆಗಲಿಲ್ಲ. ನಾನು ಪಿಯುಸಿಯಲ್ಲಿ ಮಾಡಿದ ತಪ್ಪು ಈ ಒಂದು ಬಿಲ್ಲಿನಿಂದ ತಿದ್ದಿಹೋಗುತ್ತಿತ್ತು.

ಕೊನೆಯದಾಗಿ ಮೂರು ಮನವಿ. ಶಿಕ್ಷಕ ಮಿತ್ರರೆ, ಎಂಟು, ಒಂಬತ್ತನೇ ತರಗತಿಯಲ್ಲೇ ಬಾಣದ ಚಿತ್ರ, ಕೋಷ್ಟಕ ಬರೆಸಿ. ಚಿಹ್ನೆ ಆಮೇಲೆ ಬರಲಿ. ಸಂಸ್ಥೆಯ ಹಿರಿಯರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ತೆರೆಯುವ ನಡುವೆ ಎರಡೂ ಊರಿನಲ್ಲಿ ಸೇತುಬಂಧ ತರಗತಿ ನಡೆಸಿ. ಗಣಿತದ ಪದಗಳನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿ ಕೊಡಿ. ವಿದ್ಯಾರ್ಥಿಗಳೆ, ಪ್ರತಿ ಲೆಕ್ಕಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ: ನಾನು ಕೊಡುವುದು ಏನು? ಎಲ್ಲದಕ್ಕೂ ಉತ್ತರ ಉಂಟೇ? ಒಂದಕ್ಕೆ ಒಂದೇ ಉತ್ತರವೇ?

ತಿಳಿಯದಿದ್ದರೆ ಎದ್ದು ನಿಂತು ಕೇಳಿ, ಆ ಹಿಂದಿನ ಬೆಂಚಿನ ಹುಡುಗಿಯ ಹಾಗೆ. ನಾನೂ ನನ್ನ ಗೆಳತಿಯೂ ಅಂದು ಕೇಳಲಿಲ್ಲ.