ಕ್ವಾಂಟಮ್ ಯಂತ್ರದ ಪಕ್ಕದ ಸರ್ವರ್



ಕ್ವಾಂಟಮ್ ಕಂಪ್ಯೂಟರ್ ಅಂದ ಕೂಡಲೇ ಎಲ್ಲರ ಕಣ್ಣೂ ಹೊಂಬಣ್ಣದ ಆ ಶೈತ್ಯಯಂತ್ರದ ಮೇಲೆ ಬೀಳುತ್ತದೆ. ನೋಡಬೇಕಾದದ್ದೇ ಅದು, ಅದರ ತಳದ ಚಿಪ್ ಬಾಹ್ಯಾಕಾಶಕ್ಕಿಂತಲೂ ತಣ್ಣಗಿರುತ್ತದೆ. ನನಗೆ ಮಾತಾಡಬೇಕೆನಿಸಿರುವುದು ಮಾತ್ರ ಪಕ್ಕದಲ್ಲಿರುವ ಸಾಮಾನ್ಯ ಸರ್ವರ್ ಬಗ್ಗೆ, ಅದರ ಮೇಲೆ ಓಡುವ ಕೋಡ್ ಬಗ್ಗೆ.

ಒಂದು ಅಣುವಿನ ಅತಿ ಕಡಿಮೆ ಶಕ್ತಿ ಎಷ್ಟೆಂದು ತಿಳಿಯಬೇಕು ಅಂದುಕೊಳ್ಳಿ. ಸರ್ವರ್ ಸರ್ಕ್ಯೂಟಿನ ಹೊಂದಿಕೆಗಳಾದ ಕೆಲವು ಕೋನಗಳನ್ನು ಆರಿಸಿ ಕ್ವಾಂಟಮ್ ಚಿಪ್‌ಗೆ ಕಳಿಸುತ್ತದೆ. ಚಿಪ್ ಒಂದೇ ಸರ್ಕ್ಯೂಟನ್ನು ಸಾವಿರಾರು ಸಲ ಓಡಿಸಿ, ಪ್ರತಿ ಸಲವೂ ಸೊನ್ನೆ-ಒಂದುಗಳ ಒಂದು ಸಾಲು ಕೊಡುತ್ತದೆ. ಸರಾಸರಿ ತೆಗೆದು, ಶಕ್ತಿ ಲೆಕ್ಕ ಹಾಕಿ, ಕೋನಗಳನ್ನು ತುಸು ತಿದ್ದಿ, ಸರ್ವರ್ ಮತ್ತೆ ಕಳಿಸುತ್ತದೆ. ಹೀಗೆ ಸುತ್ತಿನ ಮೇಲೆ ಸುತ್ತು. 2014ರಲ್ಲಿ ಹೀಲಿಯಮ್ ಹೈಡ್ರೈಡ್ ಅಯಾನಿನ ಲೆಕ್ಕವನ್ನು ಬೆಳಕಿನ ಚಿಪ್ ಮೇಲೆ ಮಾಡಿ ತೋರಿಸಿದ್ದು ಇದೇ ದಾರಿಯಲ್ಲಿ.

ಸರ್ವರ್ ದೂರದಲ್ಲಿದ್ದು, ಪ್ರತಿ ಸುತ್ತಿಗೂ ಕ್ಲೌಡ್‌ನಲ್ಲಿ ಸರದಿ ಕಾಯಬೇಕಾದರೆ ಗತಿಯೇನು? ಲಿಥಿಯಮ್ ಹೈಡ್ರೈಡ್ ಅಣುವಿನ ಇಂಥದೇ ಲೆಕ್ಕವನ್ನು 45 ದಿನಗಳಿಂದ 9 ಗಂಟೆಗೆ ಇಳಿಸಿದ್ದಾಗಿ 2021ರಲ್ಲಿ ಐಬಿಎಂ ಹೇಳಿತು. ಯಂತ್ರವೂ ಅಲ್ಗಾರಿದಮ್ಮೂ ಸುಧಾರಿಸಿದ್ದವು, ನಿಜ. ಆದರೆ ಸಾಮಾನ್ಯ ಪ್ರೋಗ್ರಾಮನ್ನೇ ಕ್ವಾಂಟಮ್ ಯಂತ್ರದ ಹತ್ತಿರಕ್ಕೆ ತಂದು, ನಡುವಿನ ಓಡಾಟ ತಪ್ಪಿಸಿದ್ದು ಅದರಲ್ಲೊಂದು ಮುಖ್ಯ ಉಪಾಯ. ಅಪ್ಪಟ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅದು!

ಕೋಡ್ ಪರೀಕ್ಷೆಯ ಕಷ್ಟ ಇನ್ನೊಂದು ತೆರನದು. ಸರ್ಕ್ಯೂಟ್ ನಡುವೆ ಇಣುಕಿ ಬೆಲೆ ನೋಡಲು ಹೋದರೆ ಸ್ಥಿತಿಯೇ ಕೆಡುತ್ತದೆ. ಬೆಳಗ್ಗೆ ಬಂದ ಅಂಕಿಗಳು ಮಧ್ಯಾಹ್ನದ ಕ್ಯಾಲಿಬ್ರೇಶನ್ ನಂತರ ಬದಲಾಗಬಹುದು. ಆಗ ತಪ್ಪು ಕೋಡಿನದೋ ಯಂತ್ರದ್ದೋ? ಈ ಪ್ರದರ್ಶನದ ಒಳಗೆ ಬರುವಾಗ ವಿದ್ಯಾರ್ಥಿಗಳ ಒಂದು ಮಳಿಗೆಯಲ್ಲಿ ನಿಂತೆ. ಪ್ರತಿ ನಕ್ಷೆಯ ಕೆಳಗೂ ಯಾವ ಚಿಪ್, ಯಾವ ಕ್ಯೂಬಿಟ್‌ಗಳು (ಕ್ವಾಂಟಮ್ ಬಿಟ್‌ಗಳು), ಎಷ್ಟು ಸಲ ಓಡಿಸಿದ್ದು, ಯಾವ ಹೊತ್ತಿನ ಕ್ಯಾಲಿಬ್ರೇಶನ್ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಆ ಮಕ್ಕಳಿಗೆ ನನ್ನ ಮನಸಾರೆ ಅಭಿನಂದನೆ. ಈ ಬರಹವಿಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಇನ್ನು ನಮ್ಮ ದೇಶಕ್ಕೆ ಬಂದರೆ, 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಸರದಿ ನಿಭಾಯಿಸುವುದು, ಅರ್ಧಕ್ಕೆ ನಿಂತ ಜಾಬನ್ನು ನಿಂತಲ್ಲಿಂದಲೇ ಮುಂದುವರಿಸುವುದು, ಖರ್ಚಿಗೆ ಕಡಿವಾಣ ಹಾಕುವುದು ಈ ಊರಿನ ಎಂಜಿನಿಯರುಗಳಿಗೆ ಹೊಸದಲ್ಲ. ಭೌತಶಾಸ್ತ್ರದ ಪದವಿ ಇಲ್ಲವೆಂದು ಯಾರೂ ಹಿಂಜರಿಯಬೇಡಿ. ರೇಖೀಯ ಬೀಜಗಣಿತ, ಸಂಭವನೀಯತೆ ಇವೆರಡನ್ನು ಗಟ್ಟಿ ಮಾಡಿಕೊಂಡು ಬನ್ನಿ.

ಮಳಿಗೆಗಳಿಗೆ ಹೋದಾಗ ಎಷ್ಟು ಕ್ಯೂಬಿಟ್ ಎಂದಷ್ಟೇ ಕೇಳಿ ಮುಂದೆ ಹೋಗಬೇಡಿ. ಇಪ್ಪತ್ತನೆಯ ಸುತ್ತಿನಲ್ಲಿ ಸಂಪರ್ಕ ಕಡಿದರೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ಹೇಳಲು ಈ ವಿದ್ಯಾರ್ಥಿಗಳು ತಯಾರಾಗಿ ನಿಂತಿದ್ದಾರೆ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಬಹಳ ಸಂತೋಷದಿಂದ ಘೋಷಿಸುತ್ತೇನೆ.